ಒಂಬತ್ತು ಪಾಯಿಂಟ್ ಏಳು

ಯಂತ್ರ ಮುದ್ರಿಸಿ ಕೊಟ್ಟ ಚೀಟಿಯನ್ನು ಲ್ಯಾಬ್‌ನವಳು ಎರಡು ಸಲ ನೋಡಿದಳು. ಹಿಮೋಗ್ಲೋಬಿನ್ ಒಂಬತ್ತು ಪಾಯಿಂಟ್ ಏಳು. ಹದಿಮೂರರ ಹುಡುಗಿಗೆ ಹನ್ನೆರಡಾದರೂ ಇರಬೇಕು. ಎರಡು ತಿಂಗಳು ಕಬ್ಬಿಣದ ಮಾತ್ರೆ ನುಂಗಿಯೂ ಅಣ್ಣನ ಮಗಳ ರಕ್ತ ಇದ್ದಲ್ಲೇ ಇತ್ತು. ಹನ್ನೆರಡು ಇಲ್ಲದಿದ್ದರೆ ರಿಲೇ ತಂಡದಿಂದ ಕೈಬಿಡುವುದಾಗಿ ಕೋಚ್ ಹೇಳಿದ್ದರು. ಪಟ್ಟಿ ಅಂತಿಮವಾಗುವುದು ಆ ಸಂಜೆಯೇ.

ಅತ್ತಿಗೆಗೆ ಇದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದೇನೂ ಕಾಣಲಿಲ್ಲ. ನಾದಿನಿಯೇ ಲ್ಯಾಬ್‌ನಲ್ಲಿರುವಾಗ ಒಂದು ಅಂಕಿ ಯಾವ ಮಹಾ?

"ಹನ್ನೆರಡು ಅಂತ ಬರಿ. ನಿನ್ನ ಗಂಟೇನು ಹೋಗುತ್ತೆ?"

ಲ್ಯಾಬ್‌ನವಳು, ಹುಡುಗಿ ದಿನಕ್ಕೆ ಏನೇನು ಕುಡಿಯುತ್ತಾಳೆಂದು ಕೇಳಿದಳು. ಅತ್ತಿಗೆ ಬಿರುದಾವಳಿ ಓದುವಂತೆ ಶುರುಮಾಡಿದಳು. ಎದ್ದ ಕೂಡಲೇ ಎತ್ತರ ಬೆಳೆಸುವ ಪುಡಿ ಕಲಸಿದ ಹಾಲು, ಶಾಲೆಗೆ ಹಣ್ಣಿನ ಚಿತ್ರವಷ್ಟೇ ಇರುವ ಜ್ಯೂಸ್ ಡಬ್ಬಿ, ಓಟ ಮುಗಿದರೆ ನೀಲಿ ಬಣ್ಣದ ಶಕ್ತಿಪಾನೀಯ. ಮೂರು ಹೊತ್ತೂ ಊಟದ ಜೊತೆ ಗಟ್ಟಿ ಚಹಾ. ತಟ್ಟೆ ಮಾತ್ರ ಅರ್ಧಕ್ಕೇ ವಾಪಸು. ತಿನ್ನದ ಮಗು ಕುಡಿಯಲಾದರೂ ಕುಡಿಯಲಿ ಎಂಬುದು ಅತ್ತಿಗೆಯ ಸಿದ್ಧಾಂತ. ಕುಡಿದೇ ತುಂಬಿದ ಹೊಟ್ಟೆಯಲ್ಲಿ ಊಟಕ್ಕೆ ಜಾಗವೆಲ್ಲಿ ಎಂಬ ಪ್ರಶ್ನೆಗೆ ಆ ಸಿದ್ಧಾಂತದಲ್ಲಿ ಪ್ರವೇಶವಿರಲಿಲ್ಲ.

ಲ್ಯಾಬ್‌ನವಳು ಹುಡುಗಿಯತ್ತ ತಿರುಗಿದಳು. "ಮಾತ್ರೆ ಯಾವುದ್ರಲ್ಲಿ ನುಂಗ್ತೀಯ?"

"ಚಹಾದಲ್ಲಿ ಅತ್ತೆ. ನೀರಲ್ಲಿ ನುಂಗಿದ್ರೆ ವಾಕರಿಕೆ ಬರುತ್ತೆ ಅಂತ ಅಮ್ಮ..."

ಕಬ್ಬಿಣ ಮೈಗೆ ಹತ್ತದಂತೆ ಚಹಾ ತಡೆಯುತ್ತದೆ. ಮಾತ್ರೆಯ ಜೊತೆ ಅದು ಕೂಡದೆಂದು ಡಾಕ್ಟರು ಔಷಧಿ ಚೀಟಿಯಲ್ಲೇ ಬರೆದಿದ್ದರು. ಪುಡಿಯ ಡಬ್ಬದ ಮೇಲಿನ ಒಂದಕ್ಷರವನ್ನೂ ಬಿಡದೆ ಓದುವ ಅತ್ತಿಗೆಗೆ ಆ ಒಂದು ಸಾಲು ಕಂಡಿರಲಿಲ್ಲ. ಲ್ಯಾಬ್‌ನವಳು ಅದನ್ನೇ ಎತ್ತಿ ಹೇಳಿದಳು.

"ಡಾಕ್ಟರ ಗೀಚು ಯಾರಿಗೆ ಅರ್ಥವಾಗುತ್ತೆ? ಈಗ ಬರೀತೀಯೋ ಇಲ್ವೋ? ಸ್ವಂತ ಅಣ್ಣನ ಮಗಳು."

"ಸ್ವಂತ ಅಣ್ಣನ ಮಗಳು ಅಂತಾನೇ ಬರೆಯಲ್ಲ ಅತ್ತಿಗೆ. ಓಡ್ತಾ ತಲೆ ಸುತ್ತಿ ಬಿದ್ರೆ ನಿಮ್ಮ ಹನ್ನೆರಡು ಬಂದು ಎತ್ತುತ್ತಾ?"

ಇದ್ದ ಅಂಕಿಗೇ ಸಹಿ ಬಿತ್ತು. ಸಂಜೆಯ ಪಟ್ಟಿಯಲ್ಲಿ ಬೇರೆ ಹುಡುಗಿಯ ಹೆಸರಿತ್ತು.

ಮರುದಿನ ಅಣ್ಣನ ಮನೆಗೆ ಹೋದರೆ ಅತ್ತಿಗೆ ಮುಖ ಕೊಟ್ಟು ಮಾತಾಡಲಿಲ್ಲ. ಊಟದ ಮೇಜಿನ ಮೇಲೆ 'ರಕ್ತವರ್ಧಕ' ಎಂದು ಬರೆದ ಹೊಸ ಕೆಂಪು ಬಾಟಲಿ ಠೀವಿಯಿಂದ ನಿಂತಿತ್ತು. ಲ್ಯಾಬ್‌ನವಳು ಅದನ್ನು ತಿರುಗಿಸಿ ಓದಿದಳು. ಮೊದಲ ಪದಾರ್ಥ ಸಕ್ಕರೆ. ಕಬ್ಬಿಣ ಕಟ್ಟಕಡೆಗೆ, ನೆಪಕ್ಕೆ.

ಹುಡುಗಿ ಅತ್ತು ಕೆಂಪಾದ ಕಣ್ಣಲ್ಲೇ ಲೋಟಕ್ಕೆ ನೀರು ಬಗ್ಗಿಸಿಕೊಂಡು, ಮುಖ ಕಿವುಚಿ ಮಾತ್ರೆ ನುಂಗಿದಳು.

"ಮತ್ತೆ ಯಾವಾಗ ಚುಚ್ತೀರ ಅತ್ತೆ?"

"ಎರಡು ತಿಂಗಳಿಗೆ."

ಒಳಗೆ ಅತ್ತಿಗೆ ಆ ಬಾಟಲಿಯ ಕೆಂಪನ್ನು ಚಹಾಕ್ಕೆ ಬೆರೆಸಬಹುದೇ ಎಂದು ನಾದಿನಿಯಿಂದ ಕೇಳಿ ತಿಳಿಸುವಂತೆ ಗಂಡನನ್ನು ಪೀಡಿಸುತ್ತಿದ್ದಳು.