ಕಡೆಯ ಪೊರೆ

ಜಾಲರಿಯ ತುದಿಯಲ್ಲಿ ನೀರಿನ ಹನಿ, ಬೀಳಲೋ ಬೇಡವೋ ಎಂದು ನೇತಾಡುತ್ತಿದೆ, ಅದರ ಪಕ್ಕದಲ್ಲೇ ತಲೆಕೆಳಗಾಗಿ ಸೂರ್ಯನ ಕುದುರೆ ಹುಳ, ಬೆನ್ನು ಸೀಳಿದೆ, ಹಳೆಯ ಪೊರೆಯೊಳಗಿಂದ ಎಳೆಹಸಿರು ಮೈ ಜಾರುತ್ತಿದೆ — ನಿಧಾನ ಕಣಮ್ಮ, ನಿಧಾನ, ಇದು ನಿನ್ನ ಕಡೆಯ ಪೊರೆ, ಕಳಚಿದರೆ ರೆಕ್ಕೆ, ನಡುವೆ ಬಿದ್ದರೆ ಮೈಯೆಲ್ಲ ಸೊಟ್ಟ. ನನ್ನದಲ್ಲ ಈ ಹುಳ, ಓರಗಿತ್ತಿಯದು, ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಚಪ್ಪಲಿ ಮೆಟ್ಟುತ್ತ, ಅಕ್ಕಾ, ತಿನ್ನೋದು ಬಿಟ್ಟಿದೆ, ಇವತ್ತೇ ಪೊರೆ ಬಿಡುತ್ತೆ ಅನ್ಸುತ್ತೆ, ಶುರುವಾದ ತಕ್ಷಣ ಫೋನ್ ಮಾಡಿ, ಓಡಿ ಬರ್ತೀನಿ, ರೆಕ್ಕೆ ಬಿಚ್ಚೋದು ನಾನು ನೋಡ್ಲೇಬೇಕು, ಅಂದಳು. ಎಲ್ಲ ಮಾಡಿದೆ. ಮೆತ್ತನೆಯ ಮೈಯನ್ನು ಕಚ್ಚೀತೆಂದು ಜಾಲರಿಗೂಡಿನೊಳಗೆ ತಿನ್ನಲು ಬಿಟ್ಟಿದ್ದ ಮಿಡತೆಯನ್ನು ತೆಗೆದೆ, ಪೊರೆ ಒಣಗಿ ಅಂಟಿಕೊಂಡೀತೆಂದು ಜಾಲರಿಗೆ ನೀರು ಚಿಮುಕಿಸಿದೆ, ಬಚ್ಚಲಲ್ಲಿ ಬಿಸಿನೀರು ಬಿಟ್ಟು ಹಬೆಯೆಬ್ಬಿಸಿ, ಗೂಡನ್ನು ತಂದು ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದೆ, ಒಳಗಿನಿಂದ ಚಿಲಕ ಹಾಕಿದೆ, ಹಬೆ ಹೊರಗೆ ಹೋಗಬಾರದಲ್ಲ, ಫೋನನ್ನೂ ಮಾಡಿದೆ, ದೇವರೇ, ಇದರಲ್ಲಿ ಕುಂದೇನಾದರೂ ಇದೆಯೇ. ಗೋಡೆಯಲ್ಲೂ ಒಂದು ಮೊಳೆಯಿತ್ತು, ಇತ್ತು, ಅದಕ್ಕೆ ಟವೆಲು ಹಾಕಿತ್ತು, ತೆಗೆಯಬಹುದಿತ್ತು — ಹಿಂದೊಮ್ಮೆ ನನ್ನ ಹುಳವೂ ಹೀಗೇ ನೇತಾಡುತ್ತಿತ್ತು, ಮೇಜಿನ ಮೇಲೆ, ಗಾಜಿನ ಡಬ್ಬಿಯಲ್ಲಿ, ಅರ್ಧ ಒಳಗೆ ಅರ್ಧ ಹೊರಗೆ, ಓರಗಿತ್ತಿ ಗೆಳತಿಯರನ್ನು ಕರೆತಂದಳು, ಬನ್ರೇ, ನಮ್ಮಕ್ಕನ ಮಗು ನೋಡ್ಬನ್ನಿ, ಹೆರೋಕಾಗ್ಲಿಲ್ಲ ಅಂತ ಹುಳ ಸಾಕ್ತಾರೆ, ನಗು, ಮುಟ್ಟಬೇಡ ಕಣೇ ಎಂದು ನಾನು ಏಳುವಷ್ಟರಲ್ಲಿ ಅವಳ ಉಂಗುರದ ಬೆರಳು ಬಾಗಿತು, ಗಾಜಿನ ಮೇಲೆ ಟಕ್ ಟಕ್, ಏಯ್ ಪುಟ್ಟಾ, ಎದ್ದೇಳೋ. ಬಿತ್ತು. ಮುಂಗಾಲು ಸುರುಟಿಕೊಂಡವು, ಸಾಯುವವರೆಗೆ ಅದಕ್ಕೆ ಒಮ್ಮೆಯೂ ಕೈಮುಗಿಯಲಾಗಲಿಲ್ಲ. ಅಯ್ಯೋ, ಹುಳ ತಾನೇ ಅಕ್ಕಾ, ಇನ್ನೊಂದು ಹಿಡ್ಕೊಂಡ್ರಾಯ್ತು. ಆಮೇಲೆ ಹಿಡಿದವಳು ಅವಳೇ, ನನ್ನನ್ನೇ ಕೇಳಿ ಕೇಳಿ ಸಾಕಿದಳು, ಈಗ ಅದರ ಮುಂದೆ ಕೂತು ಲಾಲಿ ಹಾಡುತ್ತಾಳೆ, ಹಾಡಲಿ, ನಾನು ಸಿಟ್ಟಾಗಲಿಲ್ಲ, ಕೈಮುಗಿದು ಅಲುಗಾಡದೆ ಕಾಯುವುದನ್ನು ಹುಳದಿಂದಲೇ ಕಲಿತೆ, ಜನ ಅದನ್ನು ಪ್ರಾರ್ಥನೆ ಅಂದುಕೊಳ್ಳುತ್ತಾರೆ, ಅದು ಬೇಟೆ — ತಲೆ ಬಂತು, ಎದೆ ಬಂತು, ಮುಂಗಾಲು ಬಂದವು, ಎಷ್ಟು ಚೆಂದ, ಬಾಲದ ತುದಿಯೊಂದೇ ಪೊರೆಗೆ ಸಿಕ್ಕಿಕೊಂಡು ಇಡೀ ಜೀವ ಅದರಲ್ಲೇ ತೂಗುತ್ತಿದೆ — ಮೆಟ್ಟಿಲಲ್ಲಿ ಹೆಜ್ಜೆ, ಚಪ್ಪಲಿಯನ್ನೂ ಬಿಟ್ಟಿಲ್ಲ, ಏದುಸಿರು, ಅಕ್ಕಾ, ಬಂತಾ, ರೆಕ್ಕೆ ಬಂತಾ, ಬಾಗಿಲು ತೆಗೀರಿ, ಟಕ್ ಟಕ್, ಗೂಡು ಅದುರಿತು, ಜಾಲರಿಯ ಹನಿ ಉದುರಿತು. ಬಡೀಬೇಡ ಕಣೇ, ಗೂಡು ಬಾಗಿಲಲ್ಲೇ ಇದೆ — ಇಷ್ಟು ಅಂದರೆ ಸಾಕು, ನಾಲಿಗೆಯ ತುದಿಯಲ್ಲೇ ಇದೆ ಮಾತು, ದೇವರೇ, ನೀನೇ ಸಾಕ್ಷಿ, ನಾನು ಮುಟ್ಟಿಲ್ಲ, ನನ್ನ ಎರಡೂ ಕೈಗಳನ್ನು ಎದೆಯ ಮುಂದೆ ಜೋಡಿಸಿದ್ದೇನೆ, ಅಕ್ಕಾ, ಒಳಗೇ ಇದ್ದೀರಲ್ಲ, ಯಾಕೆ ಮಾತಾಡ್ತಿಲ್ಲ, ನಿಮ್ಮ ದಮ್ಮಯ್ಯ, ನಿಮ್ಮ ಕಾಲಿಗೆ ಬೀಳ್ತೀನಿ — ಹಲಗೆಯಾಚೆ ಇದ್ದರೂ ಕಾಣುತ್ತಿದೆ ನನಗೆ, ಉಂಗುರದ ಬೆರಳು, ಬಾಗಿದೆ, ಮತ್ತೆ ಮೇಲೇಳುತ್ತಿದೆ, ಬಾಗಿದ ಬೆರಳು, ಆ ಬಾಗಿದ ಬೆರಳು