ಕೌಂಟರಿನ ಆಚೆ ನಿಂತ ತಮ್ಮ

ಸ್ಟುಡಿಯೋದ ಅಕ್ಕ ಅಂತಲೇ ಆ ಬೀದಿಗೆಲ್ಲ ಅವಳು ಗೊತ್ತು. ಮದುವೆ ಫೋಟೋಗಳನ್ನು ತಿದ್ದಿ ತೀಡಿ ಆಲ್ಬಮ್ ಮಾಡಿಕೊಡುವುದು ಅವಳ ಕಸುಬು. ಹಳೆಯ ಕಂಪ್ಯೂಟರ್ ಕೈಕೊಟ್ಟಾಗ ಹೊಸದು ಕೊಳ್ಳಲು ಹಿಂದೆಮುಂದೆ ನೋಡದೆ ತನ್ನ ತಮ್ಮ ಕೆಲಸಕ್ಕಿದ್ದ ಕಂಪ್ಯೂಟರ್ ಅಂಗಡಿಗೇ ಹೋದಳು. ಅಪ್ಪ ತೀರಿಕೊಂಡ ಮೇಲೆ ಅವನನ್ನು ಓದಿಸಿದ್ದು ಅವಳೇ. ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ, ಒಣಗಲು ತೂಗುಹಾಕಿದ ಫೋಟೋಗಳ ಕೆಳಗೆ ಮಲಗಿಯೇ ಅವನು ಪರೀಕ್ಷೆ ಪಾಸು ಮಾಡಿದ್ದ.

"ತಗೊಂಡು ಹೋಗಿ ನೋಡಕ್ಕ. ಸರಿಬರಲಿಲ್ಲ ಅಂದ್ರೆ ವಾರದೊಳಗೆ ವಾಪಸ್ ತಾ. ಒಂದು ಪೈಸೆ ಹಿಡಿಯಲ್ಲ. ನಾನಿಲ್ವಾ?" ಅಂದಿದ್ದ.

ಸರಿಬರಲಿಲ್ಲ. ಮದುಮಗಳ ಕೈಯ ಗುಲಾಬಿಗಳು ಪರದೆಯ ಮೇಲೆ ಕಡುಗೆಂಪು, ಅಚ್ಚಾಗಿ ಬಂದರೆ ಇಟ್ಟಿಗೆ ಬಣ್ಣ. ಅವಳು ವೈರುಗಳನ್ನು ಮೊದಲಿನಂತೆ ಸುತ್ತಿ, ಡಬ್ಬವನ್ನು ಎದೆಗವಚಿಕೊಂಡು ಬಸ್ಸು ಹತ್ತಿದಳು.

"ಡಬ್ಬ ಬಿಚ್ಚಿದೀರಾ," ಅಂದಳು ಕೌಂಟರಿನ ಹುಡುಗಿ. "ಮತ್ತೆ ಪ್ಯಾಕ್ ಮಾಡಿ ಮಾರೋ ಖರ್ಚು ಅಂತ ನೂರಕ್ಕೆ ಹದಿನೈದು ಹಿಡೀತೀವಿ."

"ಬಿಚ್ಚದೆ ನೋಡೋದು ಹೇಗಮ್ಮ? ಕೊಳ್ಳುವಾಗ ಈ ಮಾತು ಯಾರೂ ಎತ್ತಲಿಲ್ಲ."

ಮಾತಿಗೆ ಮಾತು ಬೆಳೆದು ಮ್ಯಾನೇಜರ್ ಬಂದ. ಬಿಲ್ಲು ನೋಡಿ, ಮಾರಿದವನನ್ನು ಕರೆಸಿದ. ತಮ್ಮನನ್ನು ಕಂಡು ಅವಳಿಗೆ ಹೋದ ಜೀವ ಬಂದಂತಾಯಿತು.

"ದುಡ್ಡು ಹಿಡಿಯೋ ವಿಷಯ ಇವರಿಗೆ ಹೇಳಿದ್ಯೇನಪ್ಪ?"

ತಮ್ಮ ಅವಳತ್ತ ತಿರುಗಲಿಲ್ಲ. "ಹೇಳಿದ್ದೆ ಸರ್. ಮೇಡಂ ಮರೆತಿರಬೇಕು."

ಮೇಡಂ. ದುಡ್ಡಿನ ಸಂಕಟ ಎಲ್ಲಿ ಹೋಯಿತೋ, ಎದೆಯೊಳಗೆ ಬೇರೇನೋ ಕಿತ್ತುಬಂದ ಹಾಗಾಯಿತು.

"ನನ್ನ ಮುಖ ನೋಡಿ ಹೇಳೋ."

ಮ್ಯಾನೇಜರ್ ಹುಬ್ಬೇರಿಸಿದ. "ಇವರು ನಿನಗೆ ಪರಿಚಯನಾ?"

ತಮ್ಮ ಕೌಂಟರಿನ ಮೇಲಿದ್ದ ಬಿಲ್ಲನ್ನು ತಿರುವಿಹಾಕತೊಡಗಿದ.

"ಒಂದೇ ತಾಯಿ ಮಕ್ಕಳು ಸರ್," ಅವಳೇ ಅಂದಳು. "ಇವನ ಮಾತು ನಂಬಿ ಕೊಂಡೆ. ನಾನು ಒಪ್ಪಿ ಸಹಿ ಹಾಕಿದ್ದು ಎಲ್ಲಾದ್ರೂ ಇದ್ರೆ ತೋರಿಸಿ, ಹಿಡ್ಕೊಳ್ಳಿ."

ಸಹಿ ಇರಲಿಲ್ಲ. ಮ್ಯಾನೇಜರ್ ಪೂರ್ತಿ ದುಡ್ಡು ಕೊಡಿಸಿದ. "ಆ ಹದಿನೈದು ನಿನ್ನ ಸಂಬಳದಲ್ಲಿ ಹೋಗುತ್ತೆ," ಅಂತ ತಮ್ಮನಿಗೆ ಮೆಲ್ಲಗೆ ಹೇಳಿದ್ದು ಅವಳಿಗೂ ಕೇಳಿಸಿತು.

ಬಸ್ ನಿಲ್ದಾಣದವರೆಗೆ ತಮ್ಮ ಏದುಸಿರು ಬಿಡುತ್ತ ಬಂದ. "ಮುಂಚೆನೇ ಹೇಳಿದ್ರೆ ನೀನು ಕೊಳ್ತಿರಲಿಲ್ಲ ಅಕ್ಕ. ಈ ತಿಂಗಳು ಇನ್ನೊಂದಾದ್ರೂ ಮಾರಲೇಬೇಕಿತ್ತು. ನೀನು ವಾಪಸ್ ತರ್ತೀಯ ಅಂತ ಅಂದ್ಕೊಂಡಿರಲಿಲ್ಲ."

ಗೊತ್ತಿದ್ದೇ ಮಾಡಿದ್ದ, ಹಾಗಾದರೆ. ಅಲ್ಲಿಯವರೆಗೆ ಅವಳು, ಪಾಪ, ಮ್ಯಾನೇಜರಿಗೆ ಹೆದರಿ ಬಾಯಿಗೆ ಬಂದದ್ದು ಅಂದುಬಿಟ್ಟ ಅಂತ ಒಳಗೊಳಗೇ ಅವನ ಪರ ವಹಿಸುತ್ತಿದ್ದಳು.

"ಕಷ್ಟ ಇದ್ರೆ ಕೇಳಬಹುದಿತ್ತಲ್ಲೋ. ಇಲ್ಲ ಅಂತಿದ್ನಾ ನಾನು?"

ಅವನು ಅವಳ ಪರ್ಸನ್ನೇ ನೋಡುತ್ತ ಅಲ್ಲೇ ನಿಂತ. ಸಂಬಳದಲ್ಲಿ ಹೋಗುವುದನ್ನು ಅಕ್ಕನೇ ತುಂಬಿಕೊಡಲಿ ಅಂತ ಕಾಯುತ್ತಿದ್ದಾನೆಂದು ಅವಳಿಗೆ ಅರ್ಥವಾಯಿತು. ಮೊದಲಾಗಿದ್ದರೆ ಅವನು ಬಾಯಿ ತೆರೆಯುವ ಮುಂಚೆಯೇ ಪರ್ಸಿಗೆ ಕೈ ಹಾಕುತ್ತಿದ್ದಳು. ಇವತ್ತು ಕೈ ಏಳಲಿಲ್ಲ.

ಬಸ್ಸು ಬಂತು. ಹತ್ತಿದಳು. ಅವನು ನಿಂತಿದ್ದ ಕಡೆಯ ಸೀಟುಗಳೆಲ್ಲ ಖಾಲಿಯಿದ್ದರೂ ಆಚೆ ಬದಿಗೆ ಹೋಗಿ ಕೂತಳು.