ಫ್ಯಾನ್ ಇಲ್ಲದ ಬೋರ್ಡು

"ಇದರಲ್ಲಿ ಫ್ಯಾನ್ ಎಲ್ಲಿದೆ?" ಎಂದು ಅಕ್ಕ ಕೇಳಿದಳು.

"ಇಲ್ಲಮ್ಮ, ಅದಕ್ಕೇ ತೋರಿಸ್ತಿರೋದು," ಎಂದ ಅಂಗಡಿಯವ. ಕೌಂಟರಿನ ಗಾಜಿನ ಮೇಲೆ ಒಂದು ಪುಟ್ಟ ಮದರ್‌ಬೋರ್ಡ್ ಇತ್ತು. "ಪ್ರೊಸೆಸರು, ಗ್ರಾಫಿಕ್ಸು ಎಲ್ಲಾ ಬೋರ್ಡಲ್ಲೇ ಬಂದಿದೆ. ಬಿಸಿ ಆಗೋದೇ ಕಡಿಮೆ. ಈ ಅಲ್ಯೂಮಿನಿಯಂ ಹಲ್ಲುಗಳಿವೆಯಲ್ಲ, ಇಷ್ಟೇ ಸಾಕು."

ಪಕ್ಕದಲ್ಲಿದ್ದ ತಮ್ಮ ಮೂತಿ ತಿರುಗಿಸಿದ. ಬ್ಯಾಂಕಿನಲ್ಲಿ ಗುಮಾಸ್ತ, ಮನೆಯಲ್ಲಿ ಕಂಪ್ಯೂಟರ್ ಪಂಡಿತ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರವನ್ನು ಅವನು ಕಂಪ್ಯೂಟರ್ ಎಂದೇ ಒಪ್ಪುತ್ತಿರಲಿಲ್ಲ.

"ಅಕ್ಕಾ, ಇದು ಆಟಿಕೆ ಕಣೇ. ಅಪ್ಪ ತೆಗೆದ ವಿಡಿಯೊ ದೊಡ್ಡ ಟೀವಿಲಿ ಚೆನ್ನಾಗಿ ಕಾಣ್ಬೇಡ್ವಾ?"

"ಅದರಲ್ಲಿ ಕಾಣೋದು ಅಮ್ಮ ತಾನೇ? ಅಮ್ಮನ್ನ ದಿನಾ ನೋಡ್ತೀವಲ್ಲೋ. ಕೇಳಿಸ್ಬೇಕಾಗಿರೋದು ಅಪ್ಪ."

ದಿನವಿಡೀ ಲಾಂಡ್ರಿಯ ಯಂತ್ರಗಳ ಗದ್ದಲದ ಮೇಲೆ ಕೂಗಿ ಮಾತಾಡುವ ಅಕ್ಕ, ಮೆಲ್ಲಗೆ ಏನಾದರೂ ಅಂದಳೆಂದರೆ ಅದಕ್ಕೆ ಎದುರಾಡಿ ಪ್ರಯೋಜನವಿಲ್ಲ.

ಅಪ್ಪ ಮದುವೆಗಳ ವಿಡಿಯೊ ತೆಗೆಯುತ್ತಿದ್ದ. ಅಕ್ಕ ದೀಪ ಹಿಡಿಯುತ್ತಿದ್ದಳು, ತಮ್ಮ ವೈರು ಎಳೆದುಕೊಂಡು ಹಿಂದೆ ಹಿಂದೆ ಓಡುತ್ತಿದ್ದ. ಎಂಥ ಸುಖದ ದಿನಗಳು ಅವು! ಊರವರ ಮದುವೆಯೆಲ್ಲ ತಮ್ಮದೇ ಎಂಬಂತೆ ಮೂವರೂ ಮೊದಲ ಸಾಲಿನಲ್ಲಿ. ಅಪ್ಪನ ದನಿ ಮೊದಲೇ ಪಿಸುಮಾತು. ಅದರ ಮೇಲೆ ಕೆಲಸದಲ್ಲಿ ಅವನದೊಂದು ಹಟ: ಗಿರಾಕಿಯ ಕ್ಯಾಸೆಟ್ಟಿನಲ್ಲಿ ತನ್ನ ಸೊಲ್ಲು ಕೇಳಿಸಕೂಡದು. "ಮದುವೆ ಅವರದು, ಮಧ್ಯೆ ನನ್ನ ಗಂಟಲು ಯಾಕೆ?" ಎನ್ನುತ್ತ, "ಸ್ವಲ್ಪ ಈ ಕಡೆ ತಿರುಗಿ" ಎಂದದ್ದನ್ನೂ ಹುಡುಕಿ ಹುಡುಕಿ ಅಳಿಸಿ, ಮೇಲೆ ಸಂಗೀತ ಸುರಿದುಬಿಡುತ್ತಿದ್ದ.

ಅವನು ಹೋದಮೇಲೆ ನೋಡಿದರೆ ಸ್ಟುಡಿಯೋದಲ್ಲಿ ಕಪಾಟುಗಟ್ಟಲೆ ಕ್ಯಾಸೆಟ್ಟು, ಒಂದರಲ್ಲೂ ಅವನ ದನಿಯಿಲ್ಲ. ಕಡೆಗೆ ಸಿಕ್ಕಿದ್ದು ಒಂದೇ ಒಂದು. ಹೊಸ ಕ್ಯಾಮೆರಾ ತಂದ ದಿನ, ಸರಿಯಿದೆಯೋ ಇಲ್ಲವೋ ನೋಡೋಣವೆಂದು ಅಡುಗೆಮನೆಯಲ್ಲಿ ಅಮ್ಮನನ್ನು ತೆಗೆದದ್ದು. ಗಿರಾಕಿಯದಲ್ಲವಲ್ಲ, ಅದನ್ನು ತಿದ್ದುವ ಗೋಜಿಗೆ ಹೋಗಿರಲಿಲ್ಲ.

ತಮ್ಮ ಅದನ್ನು ತನ್ನ ಕಂಪ್ಯೂಟರಿಗೆ ಇಳಿಸಿ ಟೀವಿಯಲ್ಲಿ ಹಾಕಿದ್ದ. ಕ್ಯಾಮೆರಾದ ಮೈಕು ಎದುರಿಗಿರುವವರ ಕಡೆ ಮುಖ ಮಾಡಿರುತ್ತದೆ, ಹಿಂದೆ ನಿಂತವನ ಪಿಸುಮಾತಿನ ಕಡೆಗಲ್ಲ. ಅಪ್ಪ ಎಲ್ಲೋ ಏನೋ ಅಂದದ್ದು ಗೊತ್ತಾಗುತ್ತಿತ್ತು, ಏನು ಅಂದದ್ದೆಂಬುದು ತಮ್ಮನ ಗ್ರಾಫಿಕ್ಸ್ ಕಾರ್ಡಿನ ಫ್ಯಾನುಗಳ ಭರ್ರೋ ಸದ್ದಿನಲ್ಲಿ ಮುಳುಗಿಹೋಗುತ್ತಿತ್ತು. ಅಮ್ಮನ ಕಿವಿಯ ಯಂತ್ರವಂತೂ ಮೊದಲು ಹಿಡಿಯುತ್ತಿದ್ದುದೇ ಆ ಫ್ಯಾನನ್ನು. ಟೀವಿ ಜೋರು ಮಾಡಿದರೆ ಎಲ್ಲ ಕಲಸಿಹೋಗುತ್ತಿತ್ತು, ಹೆಡ್‌ಫೋನ್ ಹಾಕಿದರೆ ಯಂತ್ರ ಕುಂಯ್ ಎನ್ನುತ್ತಿತ್ತು. "ಬಿಡ್ರೋ, ಹೋದವರು ಹೋದರು," ಎಂದು ಅಮ್ಮ ಎದ್ದು ಹೋಗಿದ್ದಳು. ತಮ್ಮ ತಾನಾದರೂ ಹೆಡ್‌ಫೋನಿನಲ್ಲಿ ಕೇಳುತ್ತೇನೆಂದಾಗ ಅಕ್ಕ ಬಿಡಲಿಲ್ಲ. ಮೊದಲು ಅಮ್ಮ ಕೇಳಲಿ, ಆಮೇಲೆ ನಾವು.

"ಆನ್ ಮಾಡಿ ತೋರಿಸಿ," ಎಂದಳು ಈಗ.

ಅಂಗಡಿಯವ ಬೋರ್ಡಿಗೆ ಕರೆಂಟು ಕೊಟ್ಟು ಮಾನಿಟರಿಗೆ ಜೋಡಿಸಿದ. ಅಕ್ಕ ಬಗ್ಗಿ ಕಿವಿ ಇಟ್ಟಳು. "ನಿಮ್ಮ ಸೀಲಿಂಗ್ ಫ್ಯಾನ್ ಆರಿಸ್ರೀ, ಏನೂ ಗೊತ್ತಾಗ್ತಿಲ್ಲ."

ಫ್ಯಾನು ನಿಂತಿತು. ಬಾಗಿಲು ಎಳೆದದ್ದಾಯಿತು. ಹಿಂದೆ ಪ್ರಿಂಟರಿಗಾಗಿ ಕಾದಿದ್ದ ಗಿರಾಕಿಗೂ "ಶ್!" ಎಂದಳು. ಇಡೀ ಅಂಗಡಿ ಬೆವರುತ್ತ ಉಸಿರು ಬಿಗಿಹಿಡಿದು ನಿಂತಿತು.

"ಮಗು ಹುಟ್ಟೋದನ್ನ ಕಾಯೋ ಹಾಗೆ ಕಾಯಿಸ್ತಿದೀರಲ್ಲಮ್ಮ," ಎಂದ ಅಂಗಡಿಯವ.

"ಇದೇ ಕೊಡಿ," ಎಂದಳು ಅಕ್ಕ.

ತಮ್ಮ ಗೊಣಗುತ್ತಲೇ ಸಂಜೆಯೊಳಗೆ ಎಲ್ಲವನ್ನೂ ಜೋಡಿಸಿದ. ಟೀವಿಯ ಪಕ್ಕದ ಹೊಸ ಪೆಟ್ಟಿಗೆ, ಆನ್ ಆಗಿದೆಯೋ ಇಲ್ಲವೋ ಎಂಬ ಅನುಮಾನ ಬರುವಷ್ಟು ಮೌನವಾಗಿತ್ತು. "ಆಟಿಕೆ ಪರವಾಗಿಲ್ವೇ," ಎಂದು ಅವನೇ ಒಪ್ಪಿಕೊಂಡ. "ಮತ್ತೆ ಅದೇ ರಾಮಾಯಣಾನಾ?" ಎನ್ನುತ್ತ ಅಮ್ಮ ಬಂದು ಕುರ್ಚಿಯ ತುದಿಯಲ್ಲಿ ಕೂತಳು.

ಪರದೆಯ ಮೇಲೆ ಅಡುಗೆಮನೆ ಬಂತು. ಸೌಟು ಹಿಡಿದ, ಕಪ್ಪು ಕೂದಲಿನ ಅಮ್ಮ.

"ಇದ್ದ ಕ್ಯಾಮೆರಾಕ್ಕೆ ಏನಾಗಿತ್ತು ರೋಗ? ಮಗಳ ಬೂಟು ಬಾಯಿ ಬಿಟ್ಕೊಂಡು ಕೂತಿದೆ, ಮಗರಾಯ ಲೆಕ್ಕದಲ್ಲಿ ಸೊನ್ನೆ ತಂದಿದಾನೆ, ನಿಮಗೆ ಮಾತ್ರ ಹೊಸ ಕ್ಯಾಮೆರಾ! ನಾನೇನು ಇಲ್ಲಿ..."

ಆ ಮಾತಿನ ಕೆಳಗೆಲ್ಲೋ ಒಂದು ಗಂಡು ದನಿ ಮಿಸುಕಾಡಿತು. ಈಗ ಫ್ಯಾನಿಲ್ಲ, ಭರ್ರೋ ಸದ್ದಿಲ್ಲ. ಅಪ್ಪನ ಮಾತು ಕೇಳದಂತೆ ಮಾಡುತ್ತಿದ್ದುದು ಅಮ್ಮನ ಮಾತೇ.

ಅಮ್ಮ ಕುರ್ಚಿಯಿಂದ ಅರ್ಧ ಎದ್ದು ಟೀವಿಗೆ ಬೆರಳು ತೋರಿಸಿದಳು. "ಏಯ್! ಒಂದ್ನಿಮಿಷ ಬಾಯಿ ಮುಚ್ಕೊಳ್ಳೇ! ಅವ್ರು ಏನೋ ಹೇಳ್ತಿದಾರೆ!"

ತಮ್ಮನಿಗೆ ನಗು ತಡೆಯಲಾಗಲಿಲ್ಲ. ಅಕ್ಕ ಅವನ ತೊಡೆ ಚಿವುಟಿದಳು, ಅವಳ ಕಣ್ಣಲ್ಲಿ ನೀರಿತ್ತು.

ಪರದೆಯ ಅಮ್ಮನಿಗೆ ಏನು ಗೊತ್ತು? ಬೈದೇ ಬೈದಳು. ಅಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕಿತು. ಅವಳು ತಟ್ಟನೆ ಮಾತು ನಿಲ್ಲಿಸಿ ಪಾತ್ರೆ ಇಳಿಸಿದಳು. ಆ ಸದ್ದಿಲ್ಲದ ಕೋಣೆಯಲ್ಲಿ ಅಪ್ಪನ ದನಿ ಸ್ಪಷ್ಟವಾಗಿ ಬಂತು.

"ನಿಲ್ಲಿಸ್ಬೇಡ ಕಣೇ. ಮಾತಾಡ್ತಾ ಇರು. ಚೆನ್ನಾಗಿ ಬರ್ತಾ ಇದೆ."

ಅಮ್ಮನ ಬೆರಳು ಮೆಲ್ಲನೆ ಮಡಿಲಿಗೆ ಇಳಿಯಿತು. ಯಾರೂ ರಿಮೋಟ್ ಮುಟ್ಟಲಿಲ್ಲ. ಪರದೆಯ ಮೇಲೆ ಅವಳು ಒಲೆ ಒರೆಸುತ್ತ, "ಚೆನ್ನಾಗಿ ಬರ್ತಾ ಇದೆಯಂತೆ, ಮುಖ ನೋಡಿ!" ಎಂದು ಮತ್ತೆ ಶುರುಮಾಡಿದಳು. ಈ ಸಲ ಕುರ್ಚಿಯಲ್ಲಿದ್ದ ಅಮ್ಮ ಅವಳನ್ನು ತಡೆಯಲಿಲ್ಲ.